ಮೂರನೆಯ ಸಹಿ

ಬೆಳಿಗ್ಗೆ ಹತ್ತೂವರೆ ಗಂಟೆಗೆ ಒಬ್ಬ ಶ್ರೀಮಂತ, ತಾನಿನ್ನೂ ಕೊಳ್ಳದ ಮನೆಯ ಗೃಹಪ್ರವೇಶಕ್ಕೆ ನಾನೂರು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಆ ಮನೆಗೇ ತಂದ.

ಇನ್ನೂ ಕೊಳ್ಳದ ಮನೆ! ನಗಬೇಡಿ. ನಮ್ಮಲ್ಲಿ ನಡೆಯುವುದೇ ಹೀಗೆ. ಮೊದಲು ಪುರೋಹಿತರ ಬಾಗಿಲು, ಆಮೇಲೆ ವಕೀಲರ ಬಾಗಿಲು. ಮೊದಲು ಮುಹೂರ್ತ, ಆಮೇಲೆ ಪತ್ರ. ಹೌದೋ ಅಲ್ಲವೋ?

ಆತ ದಡ್ಡನಲ್ಲ, ನೋಡಿ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಪ್ಪತ್ತಾರು ವರ್ಷ ಸಂಸಾರ ಮಾಡಿದವನು. ಅಂಗಳವಿರುವ ಮನೆ ಬೇಕೆಂದು ಅಷ್ಟೂ ವರ್ಷ ಆಸೆಪಟ್ಟವನು. ಕೊನೆಗೆ ಅಂಥದೊಂದು ಸಿಕ್ಕಿತು. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿದ. ಖಾತೆ ನೋಡಿದ, ಕಂದಾಯದ ರಸೀದಿ ನೋಡಿದ, ಬಾವಿಗೆ ಇಣುಕಿ ನೀರನ್ನೂ ನೋಡಿದ. ಮನೆಯ ಹಿರಿಯರಿಬ್ಬರೂ ತೀರಿಕೊಂಡಿದ್ದರು. ಉಯಿಲು ಬರೆದಿರಲಿಲ್ಲ. ಯಾರು ಯಾರ ಮಕ್ಕಳೆಂದು ಹೇಳುವ ವಂಶವೃಕ್ಷದಲ್ಲಿ ಇಬ್ಬರು ಗಂಡುಮಕ್ಕಳ ಹೆಸರಿತ್ತು. ಇಬ್ಬರೂ ಮಾರಲು ತಯಾರಿದ್ದರು. ಗುರುವಾರ ನೋಂದಣಿ, ಮುಂದಿನ ಬುಧವಾರ ಗೃಹಪ್ರವೇಶ. ಇನ್ನೇನು ಬೇಕು?

ಅವತ್ತು ಆತನ ಹೆಂಡತಿ ಅಡುಗೆಮನೆಯ ಅಳತೆ ತೆಗೆದುಕೊಳ್ಳಲು ಜೊತೆಗೆ ಬಂದಿದ್ದಳು. ಮಾರುವ ಅಣ್ಣತಮ್ಮಂದಿರೂ ದಲ್ಲಾಳಿಯೂ ಅಲ್ಲೇ ಇದ್ದರು. ಅಟ್ಟದ ಮೇಲೆ ಒಂದು ಹಿತ್ತಾಳೆ ಕೊಳದಪ್ಪಲೆ ಕಂಡಿತು. ಇಳಿಸಿ ನೋಡಿದಳು. ಹೆಂಗಸರು ಪಾತ್ರೆ ಕಂಡರೆ ಕಂಠದ ಮೇಲಿನ ಹೆಸರು ಓದದೆ ಬಿಡುತ್ತಾರೆಯೇ? ಅಲ್ಲಿ ಚುಕ್ಕಿ ಅಕ್ಷರದಲ್ಲಿ ಕೊರೆಸಿತ್ತು: ‘ಅಪ್ಪನ ಅರವತ್ತಕ್ಕೆ, ಮಗಳು ಇಂದುಮತಿ.’

“ರೀ, ಇಲ್ಲಿ ಬನ್ನಿ. ಈ ಇಂದುಮತಿ ಯಾರು?”

ಶ್ರೀಮಂತ ಅಣ್ಣತಮ್ಮಂದಿರ ಮುಖ ನೋಡಿದ. ಅವರು ದಲ್ಲಾಳಿಯ ಮುಖ ನೋಡಿದರು.

“ಅಕ್ಕ ಸಾರ್. ಮದ್ವೆ ಮಾಡಿ ಕೊಟ್ಟಾಯ್ತು, ಇಪ್ಪತ್ತು ವರ್ಷ ಆಯ್ತು. ಅವಳೇನು ಕೇಳಲ್ಲ,” ಎಂದ ಕಿರಿಯವನು.

“ವಂಶವೃಕ್ಷದಲ್ಲೇ ಇಲ್ಲ ಸಾರ್,” ಎಂದ ದಲ್ಲಾಳಿ. “ಅದ್ರಲ್ಲಿ ಇಲ್ಲ ಅಂದ್ಮೇಲೆ ಇಲ್ಲ.”

“ಪಾತ್ರೆ ಮೇಲೆ ಇದಾಳಲ್ಲಪ್ಪ!” ಎಂದಳು ಹೆಂಡತಿ.

ಪತ್ರಿಕೆಗಳ ಕಟ್ಟು ಶ್ರೀಮಂತನ ಕಂಕುಳಲ್ಲೇ ಇತ್ತು. ಬೀಗರಿಗೆ ಹೇಳಿಯಾಗಿತ್ತು, ಅಡುಗೆಯವರನ್ನು ಗೊತ್ತು ಮಾಡಿಯಾಗಿತ್ತು. ಸುಮ್ಮನಿದ್ದರೆ ಗುರುವಾರ ಮನೆ ಅವನ ಹೆಸರಿಗೆ. ಕೇಳಿದರೆ, ಮನೆಯೇ ಕೈತಪ್ಪಬಹುದು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನನಗೆ ಉತ್ತರ ಬೇಡ, ನಿಮ್ಮೊಳಗೇ ಹೇಳಿಕೊಳ್ಳಿ.

ಆತ ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಿದ. ಬಂದು, “ಅವರ ಸಹಿ ಇಲ್ದೆ ನನಗೆ ಈ ಮನೆ ಬೇಡ. ನಡೀರಿ, ನಾನೂ ಬರ್ತೀನಿ,” ಎಂದ.

ಮಧ್ಯಾಹ್ನ ಎಲ್ಲರೂ ಪಕ್ಕದ ಊರಿಗೆ ಹೋದಾಗ ಇಂದುಮತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತಮ್ಮಂದಿರನ್ನು ನೋಡಿ ಕನ್ನಡಕ ಮೇಲೇರಿಸಿದಳು.

“ಏನ್ರಪ್ಪಾ, ದಾರಿ ತಪ್ಪಿ ಬಂದ್ರಾ?”

“ಇಲ್ಲಕ್ಕ, ಮನೆ ವಿಷ್ಯ... ನಿಂಗೆ ಹೇಳ್ಬೇಕು ಅಂತಲೇ ಇದ್ವಿ.”

“ಯಾವಾಗ? ತಗೊಳ್ಳೋರ ಗೃಹಪ್ರವೇಶದ ಊಟ ಆದ್ಮೇಲಾ? ಹೂವಿನವಳು ಹೇಳಿದ್ಲು ಕಣೋ ನಂಗೆ. ಹೂವಿನವಳು!”

ಆಕೆ ಶ್ರೀಮಂತನ ಕಡೆ ತಿರುಗಿದಳು.

“ತಗೊಳ್ಳೋರು ನೀವೇನಾ? ಕೂತ್ಕೊಳ್ಳಿ. ಮಳೆಗಾಲದಲ್ಲಿ ಅಡುಗೆಮನೆ ಪಶ್ಚಿಮದ ಗೋಡೆ ಒದ್ದೆ ಆಗತ್ತೆ, ಹೇಳಿದಾರಾ ಇವ್ರು?”

“ಇಲ್ಲಮ್ಮ.”

“ಹೇಳಿರಲ್ಲ, ನಂಗೊತ್ತು. ಸೂರಿನ ಎರಡು ಹೆಂಚು ಬದಲಾಯಿಸಿ, ಸರಿಹೋಗತ್ತೆ. ಒಳ್ಳೆ ಮನೆ, ತಗೊಳ್ಳಿ. ಸಹಿ ಹಾಕ್ತೀನಿ. ನನ್ನ ಪಾಲೂ ತಗೋತೀನಿ.”

ಪಾಲು ತಮ್ಮಂದಿರಿಗೇ ಬಿಟ್ಟುಕೊಟ್ಟಳು ಎಂದು ನಾನು ಹೇಳುತ್ತೇನೆಂದು ಕಾಯುತ್ತಿದ್ದಿರಾ? ನಿಮ್ಮಲ್ಲಿ ಕೆಲವರು ಕಣ್ಣೊರೆಸಿಕೊಳ್ಳಲು ತಯಾರಾಗಿದ್ದಿರಿ, ನೋಡಿದೆ. ಯಾಕೆ ಬಿಡಬೇಕು? ತಮ್ಮಂದಿರು ಬಿಟ್ಟರೇ? ತಮ್ಮಂದಿರು ತೆಗೆದುಕೊಂಡರೆ ಹಕ್ಕು, ಅಕ್ಕ ತೆಗೆದುಕೊಂಡರೆ ಆಸೆಯೇ? ಉಯಿಲಿಲ್ಲದೆ ತೀರಿಕೊಂಡ ತಂದೆಯ ಮನೆಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಇದು ನನ್ನ ಉಪದೇಶವಲ್ಲ, ಕಾನೂನು.

ಈಗ ಆ ಶ್ರೀಮಂತನನ್ನು ಬಿಡಿ, ನಿಮ್ಮ ವಿಷಯಕ್ಕೆ ಬನ್ನಿ. ಋಣಭಾರ ಪತ್ರ ಅವನಿಗೆ ಸುಳ್ಳು ಹೇಳಲಿಲ್ಲ. ಅದು ನೋಂದಣಿಯಾದದ್ದನ್ನು ಮಾತ್ರ ಹೇಳುತ್ತದೆ. ಬಚ್ಚಿಟ್ಟ ಮಗಳನ್ನು ಹೇಗೆ ಹೇಳೀತು? ಅದನ್ನು ನೀವೇ ಕೇಳಬೇಕು. ಮನೆ ಕೊಳ್ಳಲು ಹೊರಟವರು, ವಾಸ್ತು ಕೇಳಿ, ಬೇಡ ಎನ್ನುವುದಿಲ್ಲ; ಆದರೆ ಈ ಮನೆಯಲ್ಲಿ ಹುಟ್ಟಿದವರು ಎಷ್ಟು ಜನ ಎಂದು ಕೇಳಿ. ಅಕ್ಕಪಕ್ಕದವರನ್ನು ಕೇಳಿ. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಆಕೆ ಹೇಳಿದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳಿ. ಪತ್ರ ಕೈಗೆ ಬಂದ ಮೇಲೆ ಮುಹೂರ್ತ ಕೇಳಿ. ಒಳ್ಳೆಯ ದಿನ ಮುಂದಿನ ತಿಂಗಳೂ ಇರುತ್ತದೆ.

ಮಾರುವವರಿಗೆ ಒಂದೇ ಮಾತು. ನಾಳೆ ಬೆಳಿಗ್ಗೆ ಕಾಫಿ ಕುಡಿಯುವ ಮುಂಚೆ ಬೀರು ತೆಗೆದು ನಿಮ್ಮ ಮನೆಯ ವಂಶವೃಕ್ಷ ಓದಿ. ಅಕ್ಕತಂಗಿಯರ ಹೆಸರಿದೆಯೇ? ಇಲ್ಲದಿದ್ದರೆ ಅವತ್ತೇ ಅವರಿಗೆ ಫೋನ್ ಮಾಡಿ. ಹೂವಿನವಳ ಬಾಯಿಂದ ಅವರಿಗೆ ಸುದ್ದಿ ಹೋಗಬಾರದು.

ಆಮೇಲೆ ಆದದ್ದು ಇಷ್ಟು. ನಾನೂರು ಪತ್ರಿಕೆಗಳು ರದ್ದಿಗೆ ಹೋದವು. ಮೂರು ಹೆಸರಿನ ಹೊಸ ವಂಶವೃಕ್ಷ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಮರುವಾರದ ಶುಕ್ರವಾರ ಹನ್ನೆರಡೂಕಾಲಿಗೆ ಉಪನೋಂದಣಿ ಕಚೇರಿಯಲ್ಲಿ ಮೂವರೂ ಸಹಿ ಹಾಕಿದರು. ಮಳೆಗಾಲಕ್ಕೆ ಮುಂಚೆ ಶ್ರೀಮಂತ ಆ ಎರಡು ಹೆಂಚು ಬದಲಾಯಿಸಿದ.