ಕಬ್ಬಿಣದ ಗುಡಾಣದೊಳಗಿನ ಮೂರು ಏಟು

ನಾನು, ಊರವರು ಕಿಡಿಯಣ್ಣ ಎಂದು ಕರೆಯುವವನು, ವಯಸ್ಸು 46, ಕಸುಬು ವೆಲ್ಡಿಂಗ್, ವಾಸ ಹಳೇ ಸೇತುವೆ ಪಕ್ಕದ ತಗಡಿನ ಶೆಡ್ಡಿನ ಹಿಂದಿನ ಮನೆ, ಠಾಣೆಗೆ ಕರೆಸಿ ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ಊರಾಚೆಯ ಖಾಸಗಿ ಜಮೀನಿನಲ್ಲಿ ಅದರ ಯಜಮಾನರು ಪ್ರತಿ ವರ್ಷ ಬಯಲು ಶಿಲ್ಪ ಪ್ರದರ್ಶನ ಇಡುತ್ತಾರೆ. ಆರು ವರ್ಷದಿಂದ ಅಲ್ಲಿನ ಕಬ್ಬಿಣದ ಕೆಲಸ ನನ್ನದು ಮತ್ತು ನನ್ನ ಹೆಂಡತಿಯದು. ನಾನು ಬೆಸೆಯುತ್ತೇನೆ, ಅವಳು ಗ್ರೈಂಡರ್ ಹಿಡಿದು ಉಜ್ಜುತ್ತಾಳೆ. ಈ ಸಲ ಶಿಲ್ಪಿ ಮೇಡಂ ಹೇಳಿದಂತೆ ಒಂಬತ್ತು ಅಡಿ ಎತ್ತರದ ಗುಡಾಣ ಮಾಡಿದೆವು. ಮೇಲೆ ಒಂದು ಗೇಣು ಬಾಯಿ, ಹಿಂಬದಿಯ ಬುಡದಲ್ಲಿ ಒಬ್ಬರು ತೂರುವಷ್ಟು ಬಾಗಿಲು. ಒಳಗೆ ತೂಗುಬಿಟ್ಟ ಸರಪಳಿಗಳು ಗಾಳಿಗೆ ಬಡಿದು ಸದ್ದಾಗಬೇಕು. ಪಕ್ಕದಲ್ಲಿ ‘ಕಿವಿಯಿಟ್ಟು ಕೇಳಿ’ ಎಂಬ ಬೋರ್ಡು, ಕೆಳಗೆ ಮೇಡಂ ಹೆಸರು.

ಆ ಬೋರ್ಡಿನಿಂದಲೇ ನಮಗೆ ಜಗಳವಾಗಿದ್ದು. ಈ ಸಲವಾದರೂ ನಮ್ಮಿಬ್ಬರ ಹೆಸರು ಹಾಕಿಸಿ ಎಂದು ಹೆಂಡತಿ ಹೇಳಿದಳು. ‘ಹೆಸರು ಹಾಕಿದ್ರೆ ಹೊಟ್ಟೆ ತುಂಬುತ್ತೇನೇ’ ಎಂದೆ. ‘ಕೇಳೋಕೆ ಬಾಯಿಲ್ಲ ಅನ್ನಿ’ ಎಂದಳು. ಎರಡು ದಿನದಿಂದ ಮಾತು ಬಿಟ್ಟಿದ್ದೆವು. ಅವಳು ಹಟಮಾರಿ, ನಾನು ಅವಳಿಗಿಂತ ಒಂದು ಕೈ ಮೇಲು.

ದಿನಾಂಕ 17ರಂದು ಬೆಳಿಗ್ಗೆಯಿಂದ ಗಾಳಿಯೇ ಇರಲಿಲ್ಲ. ಗುಡಾಣ ಸದ್ದು ಮಾಡುತ್ತಿಲ್ಲವೆಂದು ಮೇಡಂ ಮುಖ ಗಂಟಿಕ್ಕಿಕೊಂಡಿದ್ದರು. 11:40ಕ್ಕೆ, ಮಕ್ಕಳು ನುಗ್ಗಿಯಾರು, ಬುಡದ ಬಾಗಿಲು ಮುಚ್ಚಿ ಬೆಸೆದುಬಿಡು ಎಂದರು. ಮುಚ್ಚುವ ಮುಂಚೆ ‘ಒಳಗಿದ್ದೀಯೇನೇ’ ಎಂದು ಕೂಗುವುದು ನಮ್ಮ ಪದ್ಧತಿ. ಅಂದು ಕೂಗಲಿಲ್ಲ. ನಾನೇ ಮೊದಲು ಮಾತಾಡಿದಂತಾಗುತ್ತದಲ್ಲ ಎಂದು ಸುಮ್ಮನಾದೆ. ಸಡಿಲವಾದ ಸರಪಳಿ ಬಿಗಿಯಲು ಅವಳು ಒಳಗೆ ಹತ್ತಿದ್ದು ನನಗೆ ತಿಳಿದಿರಲಿಲ್ಲ. ನಾಲ್ಕು ಕಡೆ ಬೆಸೆದೆ. ಪಕ್ಕದಲ್ಲೇ ಜನರೇಟರ್ ಓಡುತ್ತಿತ್ತು.

12:05ಕ್ಕೆ ಸುಮಾರು ಅರವತ್ತು ಜನ ಬಂದರು, ಜನರೇಟರ್ ನಿಲ್ಲಿಸಿದೆವು. ಗುಡಾಣದಿಂದ ಸದ್ದು ಕೇಳಿಸಿತು. ಮೂರು ಏಟು, ಸ್ವಲ್ಪ ಬಿಟ್ಟು ಮತ್ತೆ ಮೂರು. ಜನ ಸರದಿಯಲ್ಲಿ ನಿಂತು ಕಿವಿಯಿಟ್ಟರು, ಚಪ್ಪಾಳೆ ತಟ್ಟಿದರು. ಮೇಡಂ ಮುಖ ಅರಳಿತು.

ನಾನು ನಲವತ್ತು ಅಡಿ ದೂರದಲ್ಲಿ ಟೀ ಕುಡಿಯುತ್ತಿದ್ದೆ. ನಮ್ಮ ಶೆಡ್ಡಿನಲ್ಲಿ ಮೂರು ಏಟೆಂದರೆ ಕೆಲಸ ನಿಲ್ಲಿಸಿ ಬಾ ಎಂದರ್ಥ. ಅದು ಅವಳ ಕೈಯೇ ಎಂದು ನನಗೆ ಗೊತ್ತಾಯಿತು. ಗುಡಾಣದ ಹಿಂದೆ ನಿಂತು ಸುತ್ತಿಗೆಯಲ್ಲಿ ಬಡಿದು ಕರೆಯುತ್ತಿದ್ದಾಳೆ ಎಂದುಕೊಂಡೆ. ಬೇಕಿದ್ದರೆ ಬಂದು ಬಾಯಲ್ಲಿ ಕರೆಯಲಿ ಎಂದು ಕೂತಲ್ಲೇ ಕೂತೆ. ಇನ್ನೊಂದು ಟೀ ತೆಗೆದುಕೊಂಡೆ.

12:20ಕ್ಕೆ ಏಟು ಎರಡಾಯಿತು. ಆಮೇಲೆ ಒಂದು. 12:26ಕ್ಕೆ ಒಬ್ಬ ಹೆಂಗಸು, ‘ಅಯ್ಯೋ, ನಿಂತೇ ಹೋಯ್ತಲ್ಲ’ ಎಂದರು. ನಾನು ಎದ್ದು ಗುಡಾಣದ ಹಿಂದೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಅವಳು ಜೊತೆಯಾಗಿ ಬಿಟ್ಟಿದ್ದ ಚಪ್ಪಲಿ ಇತ್ತು, ಬಾಗಿಲಿನಿಂದ ಎರಡು ಅಡಿ; ಬೆಸೆಯುವಾಗ ನಾನು ಅತ್ತ ನೋಡಿರಲೇ ಇಲ್ಲ.

ಓಡಿಹೋಗಿ ಜನರೇಟರ್ ಹಚ್ಚಿದೆ. ಗ್ರೈಂಡರ್ ತಂದೆ. ಕೆಲಸ ಹಾಳಾಗುತ್ತದೆಂದು ಮೇಡಂ ಅಡ್ಡ ಬಂದರು, ಅವರನ್ನು ತಳ್ಳಿದ್ದು ನಿಜ. 12:34ಕ್ಕೆ ಬಾಗಿಲು ಬಿತ್ತು. ಕಾದ ತಗಡು ಹಿಡಿದು ಬಲ ಅಂಗೈ ಸುಟ್ಟಿತು. ಒಳಗೆ ಬೆಸುಗೆಯ ಹೊಗೆಯೂ ಕಾವೂ ತುಂಬಿತ್ತು, ಕೂಗಲು ಉಸಿರೇ ಸಿಗದಷ್ಟು. ಅವಳಿಗೆ ಪ್ರಜ್ಞೆ ಇರಲಿಲ್ಲ, ಕೈಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ಬಿಡಿಸಲು ಆಗಲಿಲ್ಲ, ಹಾಗೆಯೇ ಯಜಮಾನರ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಸಂಜೆ 5:10ಕ್ಕೆ ಕಣ್ಣು ಬಿಟ್ಟಳು.

ಬಾಗಿಲು ಮುಚ್ಚಿದ ಕೂಡಲೇ ತಾನು ತಲೆ ಸುತ್ತಿ ಬಿದ್ದೆ, ಬಡಿಯಲೇ ಇಲ್ಲ, ಜನ ಕೇಳಿದ್ದು ಗಾಳಿಗೆ ಸರಪಳಿ ಬಡಿದ ಸದ್ದು, ಗಂಡನದೇನೂ ತಪ್ಪಿಲ್ಲ ಎಂದು ಅವಳು ಹೇಳಿಕೆ ಕೊಟ್ಟಿರುವುದನ್ನು ತಾವು ನನಗೆ ಓದಿ ಹೇಳಿದಿರಿ. ಅದು ಸುಳ್ಳು. ಅಂದು ಒಂದು ಎಲೆಯೂ ಅಲ್ಲಾಡಲಿಲ್ಲ. ಅವಳು ಇಪ್ಪತ್ತೊಂದು ನಿಮಿಷ ನನ್ನನ್ನು ಕರೆದಳು. ನಾನು ಕೇಳಿಸಿಕೊಂಡೆ, ಹೋಗಲಿಲ್ಲ.

ಬರೆದುಕೊಂಡಿದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಅವಳ ಹೇಳಿಕೆಯ ಬದಲು ಇದನ್ನೇ ನಂಬಬೇಕು.

ಸ್ಥಳ: ಠಾಣೆ
ದಿನಾಂಕ: 18
ಸಹಿ: ಬಲಗೈಗೆ ಪಟ್ಟಿ ಕಟ್ಟಿರುವುದರಿಂದ ಎಡಗೈ ಹೆಬ್ಬೆಟ್ಟಿನ ಗುರುತು