ಕರೀ ಪ್ಲೇಟಿನ ಫಿಯಟ್ಟು

ಹಲೋ… ಹಾಂ, ಯಾರು ಮಾತಾಡೋದು?… ಹೌದು, ಪರಮಾನಂದ ಅಂದ್ರೆ ನಾನೇ. ಹೇಳಿ ಮೇಡಂ.

… ಯಾವ ಗಾಡಿ? ಓ, ಹಸಿರು ಫಿಯಟ್ಟಾ. ನಂದೇ ಅದು. ವೈಟ್‌ಫೀಲ್ಡಲ್ಲಿ ಹಳೇ ಕಾರುಗಳ ಶೋ ನಡೀತಿದೆಯಲ್ಲ, ಅಲ್ಲಿಂದಾನಾ ಮಾತಾಡ್ತಿರೋದು? ಬೋರ್ಡ್ ಮೇಲಿರೋ ನಂಬರ್ ನೋಡಿ ಮಾಡಿದ್ರಾ? ಸಂತೋಷ. ಮದುವೆಗೆ ಬೇಕಿತ್ತಾ? ಮದುವೆಗೆ ಕೊಡಲ್ಲ ಮೇಡಂ, ಮೊದಲೇ ಹೇಳ್ಬಿಡ್ತೀನಿ. ಹೂವು ನಿಲ್ಲಲಿ ಅಂತ ಟೇಪ್ ಅಂಟಿಸ್ತಾರೆ, ಕೀಳೋವಾಗ ಪೇಂಟ್ ಸಮೇತ ಕಿತ್ಕೊಂಡ್ ಹೋಗ್ತಾರೆ.

… ನಂಬರ್ ಪ್ಲೇಟಾ? ಹಾಂ, ಕರೀ ಪ್ಲೇಟು, ಬಿಳೀ ಅಕ್ಷರ. ಅದ್ರಲ್ಲೇ ಇರೋದು ನೋಡಿ ಗತ್ತು. ಈ ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದಾಗಿನ ನಂಬರ್ ಅದು, ಅದಕ್ಕೇ ಎಂ ವೈ ಅಂತಿರೋದು. ಈಗಿನ ಕೆ ಎ ಎಲ್ಲ ಆಮೇಲೆ ಬಂದಿದ್ದು. ಶೋನಲ್ಲಿ ಅರ್ಧ ಜನ ಹೊಸ ಪ್ಲೇಟ್ ಹಾಕ್ಕೊಂಡ್ ಬಂದಿದಾರೆ, ಪಂಚೆ ಉಟ್ಟು ಬೂಟು ಹಾಕ್ಕೊಂಡಂಗಿದೆ.

… ಹೌದು ಕಣ್ರೀ, ಮೊದಲಿಂದಾನೂ ಇದೇ ನಂಬರ್. ನಮ್ಮ ತಂದೆಯೋರು ಶೋರೂಮಿಂದ ತಂದಾಗಿಂದ. ಬೋರ್ಡಲ್ಲಿ ಬರೆದಿದೀನಲ್ಲ, ‘ಒಂದೇ ಮನೆ, ಒಂದೇ ನಂಬರು, ಮೂರು ತಲೆಮಾರು’ ಅಂತ. ಜಡ್ಜ್‌ಗಳಿಗೆ ಅದೇ ಇಷ್ಟ ಆಗೋದು… ಹಾಂ?… ಇಲ್ಲ, ಬೇರೆ ಯಾರೂ ಓಡಿಸಿಲ್ಲ. ನಮ್ಮ ತಂದೆ ಸ್ಟೇರಿಂಗನ್ನ ಇನ್ನೊಬ್ಬರ ಕೈಗೆ ಕೊಡ್ತಾನೇ ಇರ್ಲಿಲ್ಲ. ಯಾಕೆ ಇಷ್ಟೆಲ್ಲ ಕೇಳ್ತಿದೀರಾ, ಪೇಪರ್‌ನೋರಾ?

… ಹೌಸ್‌ಕೀಪಿಂಗಾ? ಶೋ ನಡೀತಿರೋ ಕ್ಯಾಂಪಸ್ಸಲ್ಲೇನಾ?… ಓಹೋ. ಹೆಸರೇನಮ್ಮ?… ಅಶ್ವತ್ಥಮ್ಮ. ಸರಿ, ಏನಾಯ್ತು ಹೇಳು. ಮಕ್ಕಳು ಗಿಕ್ಕಳು ಬಾನೆಟ್ ಮೇಲೆ ಹತ್ತಿದ್ರಾ?

… ನಿಮ್ಮಮ್ಮನಾ?… ಗಾಡಿ ಮುಂದೆ? ನೆಲದ ಮೇಲಾ?… ಬಂಪರ್ ಹಿಡ್ಕೊಂಡು ಕೂತಿದಾರೆ ಅಂದ್ರೆ ಏನಮ್ಮ ಅರ್ಥ. ನಿನ್ನೆ ಇಡೀ ದಿನ ಪಾಲಿಶ್ ಹೊಡೆದಿದೀನಿ ಅದಕ್ಕೆ. ಶೋ ತೋರ್ಸೋಕೆ ಕರ್ಕೊಂಡ್ ಬಂದಿದೀಯ, ಬಿಸಿಲಿಗೆ ತಲೆ ಸುತ್ತಿರುತ್ತೆ. ಒಂಚೂರು ನೀರು ಕುಡ್ಸಿ ನೆರಳಿಗೆ ಕೂರ್ಸು. ಏಳಲ್ಲ ಅಂದ್ರೆ ಸೆಕ್ಯುರಿಟಿಯೋರಿಗೆ ಹೇಳು.

… ಅಯ್ಯೋ, ಬೇಡ ಬೇಡ. ವಯಸ್ಸಾದೋರನ್ನ ಎಳೆಯೋದ್ ಬೇಡ. ಕೈ ಬಿಡೋಕ್ ಹೇಳು, ಗಾಡಿ ಓನರ್ ಹೇಳಿದ್ರು ಅನ್ನು. ನಾನು ಬರ್ತಾನೇ ಇದೀನಿ. ಹಿತ್ತಾಳೆ ಹಾರ್ನ್ ಮರೆತು ಬಂದಿದ್ದೆ, ಮಹದೇವಪುರಕ್ಕೆ ಮನೇಗೆ ಹೋಗಿ ತಗೊಂಡು ಆಟೋದಲ್ಲಿ ವಾಪಸ್ ಬರ್ತಿದೀನಿ. ಕುಂದಲಹಳ್ಳಿ ಗೇಟ್ ಹತ್ರ ಸಿಕ್ಕಾಕ್ಕೊಂಡೆ. ಭಾನುವಾರಾನೂ ಜಾಮ್ ನೋಡು… ಜಡ್ಜ್‌ಗಳು ಬಂದ್ರಾ ಆ ಕಡೆ?… ಇನ್ನೂ ಇಲ್ವಾ. ಸದ್ಯ.

… ಏನು? ಕೈ ಮೇಲೆ ಏನಿದೆ?… ಗುರು, ಸ್ವಲ್ಪ ಇಂಜಿನ್ ಆಫ್ ಮಾಡಪ್ಪ, ಹೆಂಗೂ ಮುಂದಕ್ಕೆ ಹೋಗಲ್ಲ, ಏನೂ ಕೇಳಿಸ್ತಿಲ್ಲ… ಹಾಂ, ಹೇಳಮ್ಮ. ಹಚ್ಚೆ. ನಿಮ್ಮಮ್ಮನ ಮುಂಗೈ ಮೇಲೆ ಹಚ್ಚೆ. ಇರುತ್ತೆ ಬಿಡು, ನಮ್ಮಜ್ಜಿ ಕೈ ಮೇಲೂ ಚೇಳಿತ್ತು. ಅದಕ್ಕೂ ನನ್ನ ಗಾಡಿಗೂ ಏನ್ ಸಂಬಂಧ?

… ನಂಬರಾ?… ಎಲ್ಲಿ, ಓದು ನೋಡೋಣ.

… ಎರಡು… ಹೂಂ, ಏಳು… ಮೂರು… ಆರು.

… ಮುಂದೆ ಇಂಗ್ಲಿಷ್ ಅಕ್ಷರಾನೂ ಇದಾವಾ… ಒಂದ್ ನಿಮಿಷ ತಾಳಮ್ಮ. ಪ್ಲೇಟ್ ಮುಂದೆ ನಿಂತ್ಕೊ, ಕೈ ಪಕ್ಕದಲ್ಲಿ ಹಿಡಿ, ಒಂದೊಂದಾಗಿ ಹೊಂದಿಸಿ ನೋಡು. ಹಳೇ ಹಚ್ಚೆ, ಹರಡಿರುತ್ತೆ. ಒಂದು ಏಳಾಗಿ ಕಾಣಿಸ್ಬಹುದು, ಅಲ್ವಾ?

… ಎಲ್ಲಾ ಅದೇನಾ.

… ಅಲ್ಲ, ಗಾಡಿ ನಂಬರ್ ಯಾಕಮ್ಮ ಹಚ್ಚೆ ಹಾಕಿಸ್ಕೊಂಡ್ರು ಅವರು?

… ಹಾಂ… ನೀನಿನ್ನೂ ಹೊಟ್ಟೇಲಿ… ಹಾಂ. ಸೊಪ್ಪು ಮಾರಿ ಸೈಕಲ್ಲಲ್ಲಿ ವಾಪಸ್ ಬರ್ತಿದ್ರು, ನಿಮ್ಮಪ್ಪ. ಕತ್ತಲಾಗ್ತಿತ್ತು… ಕಾರು ಗುದ್ದಿತಾ… ಬೆಳಗ್ಗೆ ನೋಡಿದ್ರಾ ಜನ. ಹೋಗಿಬಿಟ್ಟಿದ್ರಾ ಅಷ್ಟೊತ್ತಿಗೆ.

… ನಂಬರ್ ಯಾರು ನೋಡಿದ್ದು ಹಂಗಾದ್ರೆ?… ಸ್ಕೂಲ್ ಮೇಷ್ಟ್ರು. ಅದೇ ಗಾಡಿ ಅವತ್ತು ಸಂಜೆ ಸ್ವಲ್ಪ ದೂರದಲ್ಲಿ ಅವರ ಮೈಮೇಲೂ ಬಂತಾ. ಸಿಟ್ಟಿಗೆ ನಂಬರ್ ಗುರ್ತಿಟ್ಕೊಂಡಿದ್ರು. ಬೆಳಗ್ಗೆ ವಿಷ್ಯ ಕೇಳಿ ಬಂದು, ಇದ್ದಿಲಲ್ಲಿ ನಿಮ್ಮ ಮನೆ ಗೋಡೆ ಮೇಲೆ ಬರೆದು ಕೊಟ್ರು… ಸ್ಟೇಷನ್ನಲ್ಲಿ ಏನಂದ್ರು?… ‘ಗಾಡಿ ಕಂಡ್ರೆ ಬಂದು ಹೇಳು’ ಅಂತನಾ. ಅಷ್ಟೇನಾ?

… ಹೂಂ. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೀಬೇಕಲ್ಲ. ಅಳಿಸಿ ಹೋಗುತ್ತೆ ಅಂತ ಹಚ್ಚೆ ಹಾಕೋಳ್ನ ಕೂರಿಸ್ಕೊಂಡು, ಗೋಡೆ ನೋಡ್ಕೊಂಡೇ ಕೈ ಮೇಲೆ ಚುಚ್ಚಿಸ್ಕೊಂಡ್ರಾ… ಓದೋಕೇ ಬರಲ್ವಾ ಅವರಿಗೆ?… ಇದೊಂದು ಬರುತ್ತೆ. ಶಿವನೇ.

… ಎಲ್ಲಿ ಅಂದೆ? ಯಾವ ಜಾಗ?… ಕುಂದಲಹಳ್ಳಿ ಗೇಟಾ? ಇಲ್ಲೇನಾ? ನಾನು ಇಲ್ಲೇ ಇದೀನಲ್ಲಮ್ಮ ಈಗ… ಹುಣಸೆಮರ ಎಲ್ಲಿ ಬಂತು ಇಲ್ಲಿ. ಬೇಕರಿ ಇದೆ, ಮೊಬೈಲ್ ಅಂಗಡಿ ಇದೆ, ಬಸ್ ಸ್ಟಾಪು… ಇದ್ದಿರಬಹುದು. ಆಗ ಇದ್ದಿರಬಹುದು.

… ಏ ಇಲ್ಲ, ಇಲ್ಲ. ತಡಿ. ಅಶ್ವತ್ಥಮ್ಮ, ಕೇಳಿಸ್ಕೊಳ್ಳಿ ಇಲ್ಲಿ. ನಮ್ಮಪ್ಪ ಅಲ್ಲ. ಆಣೆ ಮಾಡಿ ಹೇಳ್ತೀನಿ. ಆ ಗಾಡಿ ಅಲ್ಲ ಇದು.

… ಹೇಳ್ದೆ. ಈಗ ತಾನೇ ಹೇಳ್ದೆ, ಗೊತ್ತು. ಸುಳ್ಳು ಹೇಳ್ದೆ ಕಣ್ರೀ. ಬೋರ್ಡಲ್ಲಿ ಬರೆದಿರೋದೂ ಸುಳ್ಳು. ನಮ್ಮಪ್ಪಂಗೆ ಕಾರೇ ಇರ್ಲಿಲ್ಲ. ಚಳ್ಳಕೆರೆ ಕಡೆ ಪ್ರೈವೇಟ್ ಬಸ್ಸಲ್ಲಿ ಕಂಡಕ್ಟರ್ ಆಗಿದ್ರು. ಸಾಯೋವರೆಗೂ ಒಂದು ಸ್ಕೂಟರ್ ಕೂಡ ಓಡ್ಸಿದೋರಲ್ಲ ಪಾಪ. ಈ ಗಾಡಿ ನಾನು ಹೊಸೂರಲ್ಲಿ ತಗೊಂಡಿದ್ದು. ಒಬ್ಬ ಡಾಕ್ಟರ್ ಮನೆ ಶೆಡ್ಡಲ್ಲಿ ಕೋಳಿ ಮೊಟ್ಟೆ ಇಡ್ತಿದ್ವು ಇದರೊಳಗೆ. ತಮಿಳುನಾಡು ನಂಬರ್ ಇದಕ್ಕೆ.

… ಪ್ಲೇಟ್ ಬೇರೆ, ಗಾಡಿ ಬೇರೆ. ಹೆಂಗೆ ಹೇಳೋದು ನಿಮಗೆ. ಬೆಂಗಳೂರು ಶೋಗೆ ತಮಿಳುನಾಡು ಪ್ಲೇಟಲ್ಲಿ ಹೋದ್ರೆ ಯಾರು ನೋಡ್ತಾರೆ ಅಂತ, ಚೆಂದಕ್ಕೆ ಹಾಕಿದ್ದು ಅದು. ಪೀಣ್ಯದಲ್ಲಿ ನಮ್ಮ ಫ್ಯಾಕ್ಟರಿ ಹಿಂದೆ ಒಂದು ಗುಜರಿ ಅಂಗಡಿ ಇತ್ತು. ತಗಡಿನ ರಾಶೀಲಿ ಬಿದ್ದಿತ್ತು. ತಗೊಂಡೆ.

… ಯಾವ ಗಾಡೀದು ಅಂತ ಗುಜರಿಯೋನಿಗೂ ಗೊತ್ತಿರ್ಲಿಲ್ಲ. ನಾನೂ ಕೇಳ್ಲಿಲ್ಲ. ಯಾಕ್ ಕೇಳ್ಲಿ ನಾನು… ಈಗ ಹೋಗಿ ಕೇಳೋಣ ಅಂದ್ರೆ ಆ ಅಂಗಡೀನೇ ಇಲ್ಲ, ಮೆಟ್ರೋ ಕಂಬಕ್ಕೆ ಅಗೆದು ಹಾಕಿದಾರೆ.

… ನಂಬಲ್ಲ ಅಂದ್ರೆ ನಾನೇನ್ ಮಾಡ್ಲಿ. ನೋಡಿ, ಗಾಡೀದು ನಿಜವಾದ ಪ್ಲೇಟ್ ಡಿಕ್ಕೀಲೇ ಇದೆ, ಗೋಣಿಚೀಲದಲ್ಲಿ ಸುತ್ತಿಟ್ಟಿದೀನಿ. ಡಿಕ್ಕಿ ತೆಗೆದು ನೋಡಿ… ಲಾಕ್ ಆಗಿದೆ. ಹೌದಲ್ಲ. ಕೀ ನನ್ನ ಜೇಬಲ್ಲಿದೆ. ಥತ್. ಬೇಲಿ ಮೇಲೆ ಹೋಗೋ ಓತಿಕ್ಯಾತನ್ನ ಮೈಮೇಲೆ ಬಿಟ್ಕೊಂಡಂಗಾಯ್ತಲ್ಲ ನಂದು.

… ಏನ್ ಕುಂಯ್ ಕುಂಯ್ ಅಂತಿದೆ, ನಿಮ್ಮ ಫೋನಾ? ಚಾರ್ಜ್ ಇಲ್ವಾ?… ಸರಿ ಸರಿ, ಇಡಬೇಡಿ. ನಾನೇ ಬಂದು ತೋರಿಸ್ತೀನಿ. ಗುರು, ಇಳಿದು ನಡ್ಕೊಂಡ್ ಹೋದ್ರೆ ಎಷ್ಟೊತ್ತಾಗುತ್ತಪ್ಪ?… ಅಷ್ಟೊಂದಾ.

… ಪ್ಲೇಟ್ ಮೂಲೆ ಸವರ್ತಿದಾರಾ? ಯಾವ ಮೂಲೆ?… ಎಡಗಡೆ. ಹೂಂ. ಅಲ್ಲಿ ಮಡಚಿದ್ದ ಗುರ್ತಿದೆ, ಹೌದು. ಒಳಕ್ಕೆ ಬಗ್ಗಿತ್ತು. ನಾನೇ… ನಾನೇ ಸುತ್ತಿಗೇಲಿ ತಟ್ಟಿ ನೆಟ್ಟಗೆ ಮಾಡ್ದೆ. ಚೆನ್ನಾಗಿ ಕಾಣಲಿ ಅಂತ.

… ಪೊಲೀಸ್‌ನೋರಾ? ಕರೀರಿ, ಬೇಡ ಅನ್ನಲ್ಲ. ನಕಲಿ ಪ್ಲೇಟ್ ಅಂತ ನನ್ನ ಮೇಲೆ ಕೇಸ್ ಹಾಕ್ತಾರೆ, ಹಾಕ್ಲಿ. ಆದ್ರೆ ನಿಮಗೆ ಬೇಕಾಗಿರೋದು ಅವರ ಹತ್ರಾನೂ ಇಲ್ಲ. ಆ ಗಾಡಿ ತೂಕಕ್ಕೆ ಹೋಗಿ ಯಾವ ಕಾಲ ಆಯ್ತೋ. ಓಡಿಸ್ದೋನು ಬದುಕಿದಾನೋ ಇಲ್ವೋ… ಏನು?… ಅವರೇ ಮಾತಾಡ್ತಾರಂತಾ? ನನ್ನ ಹತ್ರ? ಬೇಡಮ್ಮ, ನಾನೇನಂತ ಹೇಳ್ಲಿ ಅವರಿಗೆ. ನೀವೇ ಬಿಡಿಸಿ ಹೇಳಿ… ಕೊಡ್ತಿದೀರಾ. ಹಲೋ?

… ಹಾಂ, ಅಮ್ಮ. ನಮಸ್ಕಾರ. ನಾನೇ ಗಾಡಿಯೋನು… ಪರಮಾನಂದ ಅಂತ. ನಿಮ್ಮ ಹೆಸರಮ್ಮ?… ಚಿಕ್ಕಮುನಿಯಮ್ಮ. ನೆರಳಲ್ಲಿ ಕೂತ್ಕೋಬಾರ್ದಾ ತಾಯಿ, ಬಿಸಿಲಿದೆ.

… ಇಲ್ಲಮ್ಮ, ನಮ್ಮಪ್ಪ ಇಲ್ಲ. ತೀರ್ಕೊಂಡ್ರು… ಹೂಂ, ನೆಮ್ಮದಿಯಾಗೇ ಹೋದ್ರು, ನಿದ್ದೇಲಿ… ಅದಲ್ಲಮ್ಮ ವಿಷ್ಯ. ನಾನು ನಿಮ್ಮ ಮಗಳಿಗೂ ಹೇಳ್ದೆ, ನಮ್ಮಪ್ಪಂದಲ್ಲ ಆ ಗಾಡಿ. ಬೋರ್ಡಲ್ಲಿ ಬರೆದಿರೋದು… ಅಮ್ಮ, ಕೇಳಿಸ್ತಿದೆಯಾ?… ಹೌದು, ನಾನು ಬರೆದಿದ್ದೇ. ಆದ್ರೆ ನಿಜ ಅಲ್ಲ.

… ಗೊತ್ತಮ್ಮ, ನೀವು ಜಗಳಕ್ಕೆ ಬಂದಿಲ್ಲ, ಗೊತ್ತು… ಶಾಪ ಹಾಕೋಕೂ ಅಲ್ಲ. ಹೂಂ… ಕೇಳಿ, ಏನು ಕೇಳ್ಬೇಕೋ ಕೇಳಿ.

… ಟವಲ್ಲಾ?

… ತಲೆ ಕೆಳಗೆ… ಮಡಿಸಿ ಇಟ್ಟಿದ್ರಾ. ನಿಮ್ಮ ಯಜಮಾನ್ರದ್ದೇ ಇರಬೇಕು… ಅಲ್ವಾ. ಅವರ ಹೆಗಲ ಮೇಲಿದ್ದ ಟವಲ್ ಹೆಗಲ ಮೇಲೇ ಇತ್ತು. ಇದು ಬೇರೆ, ಕೆಂಪು ಅಂಚಿಂದು, ಹೊಸಾದು… ಸೈಕಲ್ಲೂ ಬಿದ್ದಿರ್ಲಿಲ್ಲ, ಮರಕ್ಕೆ ಒರಗಿಸಿತ್ತು. ಹಾಂ. ಹೌದಮ್ಮ. ಯಾರೋ ನಿಂತಿದಾರೆ ಹಂಗಾದ್ರೆ.

… ಇನ್ನೂ ಇಟ್ಟಿದೀರಾ ಆ ಟವಲ್ಲ. ಟ್ರಂಕಲ್ಲಿ.

… ನಾನು ಹೆಂಗಮ್ಮ ಹೇಳ್ಲಿ. ಗಾಡಿಯೋನೇ ನಿಲ್ಲಿಸಿ ಮಡಿಸಿ ಇಟ್ನೋ, ಯಾರೋ ದಾರಿಹೋಕರೋ. ನಂಗೆ ಗೊತ್ತಿದ್ರೆ ಈ ಕ್ಷಣ ಹೇಳ್ತಿದ್ದೆ, ನಿಜವಾಗ್ಲೂ. ನಂಗೆ ಗೊತ್ತಿಲ್ಲ ತಾಯಿ.

… ಹೂಂ.

… ಹೂಂ, ಒಬ್ಬರೇ ಬಿದ್ಕೊಂಡು ಹೋದ್ರೇನೋ ಅಂತ. ಇಷ್ಟು ವರ್ಷಾನೂ ಅದೊಂದೇ… ಹೌದು, ನಿದ್ದೆ ಹೆಂಗೆ ಬರುತ್ತೆ.

… ಅಮ್ಮ, ಯಾಕೆ ಕೈ ಮುಗೀತೀರಾ ಫೋನಿಗೆ. ಅಶ್ವತ್ಥಮ್ಮ, ಬೇಡ ಅನ್ನಿ ಅವರಿಗೆ, ಕೇಳಿಸ್ತಿದೆಯಾ, ಬಳೆ ಸದ್ದು ಬರ್ತಿದೆ. ಕೈ ಇಳ್ಸಿ ತಾಯಿ. ನಾನು ಅಂಥೋನಲ್ಲ.

… ಅಮ್ಮ.

… ಹೂಂ ಅಮ್ಮ. ನಮ್ಮಪ್ಪಾನೇ.

… ಹೂಂ. ಟವಲ್ ಇಟ್ಟಿದ್ದು ನಮ್ಮಪ್ಪಾನೇ. ಗಾಡಿ ನಿಲ್ಲಿಸಿ, ಇಳಿದು ಬಂದು. ಸೈಕಲ್ ಎತ್ತಿ ಒರಗಿಸಿದ್ದೂ ಅವರೇ… ಹೇಳ್ತಿದ್ರು ಮನೇಲಿ. ನಾನು ಚಿಕ್ಕೋನಿದ್ದಾಗ ಹೇಳ್ತಿದ್ರು. ಹೆದರಿಕೊಂಡು ಹೊರಟುಬಿಟ್ರು ಆಮೇಲೆ, ತಪ್ಪು ಮಾಡಿದ್ರು. ಆದ್ರೆ ಒಬ್ಬರೇ ಇರ್ಲಿಲ್ಲ ಅಮ್ಮ ನಿಮ್ಮ ಯಜಮಾನ್ರು. ಕೊನೇವರೆಗೂ ಪಕ್ಕದಲ್ಲಿ ಕೂತಿದ್ರಂತೆ.

… ಕೊಟ್ರು, ನೀರು ಕೊಟ್ರಂತೆ. ಕುಡಿದ್ರಂತೆ.

… ಅಳಬೇಡಿ ತಾಯಿ. ಅಳಿ, ಅಳಿ, ಪರವಾಗಿಲ್ಲ. ನಾನು ಬರ್ತಿದೀನಿ, ನಿಮ್ಮ ಕಾಲಿಗೆ ಬೀಳ್ತೀನಿ ನಮ್ಮಪ್ಪನ ಪರವಾಗಿ.

… ಏನಮ್ಮ?

… ಏನಂದ್ರು ಅಂದ್ರೆ?… ಕೊನೇಲಿ. ನೀರು ಕುಡಿದ ಮೇಲೆ.

… ಅಂದ್ರು. ಮಾತಾಡಿದ್ರಂತೆ… ಇಲ್ಲ, ನೆನಪಿದೆ, ನಮ್ಮಪ್ಪ ಹೇಳಿದ್ದು ನೆನಪಿದೆ ನಂಗೆ… ನಿಮ್ಮ ಹೆಸರೇ ಹಿಡಿದು ಕರೆದ್ರಂತೆ ತಾಯಿ.

… ಹೂಂ, ಹೆಸರೇ.

… ಏನಂತ ಅಂದ್ರೆ… ಅದೇ… ಅಮ್ಮ, ಮನೇಲಿ ನಿಮ್ಮನ್ನ ಏನಂತ ಕರೀತಿದ್ರು ಅವರು?

… ಅಮ್ಮ?

… ಚಿಕ್ಕಮುನಿಯಮ್ನೋರೇ, ಇದೀರಾ?… ಅಶ್ವತ್ಥಮ್ಮ?… ಹಲೋ… ಚಾರ್ಜ್ ಹೋಯ್ತಾ, ಇಲ್ಲ ನೀವೇ ಇಟ್ಬಿಟ್ರಾ?… ಹಲೋ…