ಇಂಧನದ ಹುಲ್ಲು ಮೇಯ್ದ ಎಮ್ಮೆಯ ವಿರುದ್ಧ

ಹೆಸರಿಗಿಂತ ಹೆಚ್ಚಾಗಿ ‘ಪೆಟ್ರೋಲ್ ಮಾವ’ ಎಂದೇ ಕರೆಸಿಕೊಳ್ಳುವ ನಾನು, ವಯಸ್ಸು 47, ಕಸುಬು ಇಂಧನದ ಹುಲ್ಲು ಬೆಳೆಯುವುದು, ವಾಸ ಡೈರಿಯ ಹಿಂದಿನ ಓಣಿ, ಠಾಣೆಗೆ ಖುದ್ದು ಬಂದು ಬರೆಸುವುದೇನೆಂದರೆ:

ಹುಲ್ಲಿನಿಂದ ಲಾರಿ ಓಡಿಸುವ ಎಣ್ಣೆ ತೆಗೆಯುವ ಕಾರ್ಖಾನೆಯವರು ನನ್ನ ಅರ್ಧ ಎಕರೆಯನ್ನು ಪರೀಕ್ಷೆಗೆ ಆರಿಸಿದ್ದರು. ಕೊಯ್ದು ತೂಗಿದಾಗ ಒಂದು ಲಾರಿ ತುಂಬಿದರೆ ಐದು ವರ್ಷದ ಕರಾರು. ಇದನ್ನು ನಂಬಿ ನಾನು ಇದ್ದ ತರಕಾರಿಯನ್ನೆಲ್ಲ ಕಿತ್ತಿದ್ದೆ.

ಈ ದಿನ ಬೆಳಿಗ್ಗೆ 9ಕ್ಕೆ ಅವರ ಮೇಲ್ವಿಚಾರಕರು ಲಾರಿ ಸಮೇತ ಬಂದರು. ಹುಲ್ಲು ಎರಡಾಳೆತ್ತರ ನಿಂತಿತ್ತು. ಒಳಗೆ ನುಗ್ಗಿ ನೋಡಲಾಗಿ ಹೊಲ ನನ್ನ ತಲೆಯಂತಿತ್ತು: ಸುತ್ತ ಸಾಲು, ನಡುವೆ ಬಯಲು. ಬಯಲಿನಿಂದ ಒಂದು ಕಾಲುದಾರಿ ನೇರ ಪಕ್ಕದ ಮನೆಯ ಅತ್ತಿಗೆಯ ಕೊಟ್ಟಿಗೆಗೆ ಹೋಗಿತ್ತು.

ವಿಚಾರಿಸಿದಾಗ ಅತ್ತಿಗೆ, ಈ ಹುಲ್ಲಲ್ಲಿ ಲಾರಿನೇ ಓಡುತ್ತೆ ಅಂತ ದಿನಾ ತಲೆ ತಿಂತಿದ್ಯಲ್ಲಪ್ಪ, ಒಂದು ಒಲೆ ಉರಿಯಲ್ವ ಅಂತ ನೋಡ್ದೆ ಎಂದರು. ಹುಲ್ಲನ್ನು ಎಮ್ಮೆಗೆ ಮೇಯಿಸಿ, ಅದರ ಸಗಣಿಯನ್ನು ಗ್ಯಾಸ್ ಗುಂಡಿಗೆ ಹಾಕಿ ಒಲೆ ಹಚ್ಚುತ್ತಿರುವುದಾಗಿ ಒಪ್ಪಿಕೊಂಡರು. ನಿನ್ನ ಫ್ಯಾಕ್ಟರಿ ಇನ್ನೂ ಗೋಡೆ ಏಳಿಸ್ತಿದೆ, ನನ್ನ ಫ್ಯಾಕ್ಟರಿ ಮೊನ್ನೆ ಕರು ಹಾಕ್ತು ಎಂದೂ ಹಂಗಿಸಿದರು. ಹುಲ್ಲು ವಾಪಸ್ ಕೊಡಿ ಎಂದಾಗ, ಕೊಡೋಣ, ಬುಟ್ಟಿ ತಗೊಂಡು ಎಮ್ಮೆ ಹಿಂದೆ ನಿಂತ್ಕೊ ಎಂದರು.

ಕಳೆದ ತಿಂಗಳಿಡೀ ನಾನು ಬೆಳಗಿನ ಚಹಾ ಕುಡಿದದ್ದು ಅದೇ ಒಲೆಯ ಮುಂದೆ. ಉರಿ ಎಷ್ಟು ನೀಲಿ, ಅತ್ತಿಗೆ ಎಂದು ಹೊಗಳಿದ್ದೂ ನಿಜ. ಅಂದರೆ ನನ್ನ ಬೆಳೆಯನ್ನು ನಾನೇ ಲೋಟ ಲೋಟ ಹೀರಿದ್ದೇನೆ. ಮೇಲ್ವಿಚಾರಕರಿಗೂ ಅಲ್ಲೇ ಚಹಾ ಆಯಿತು. ಅವರು ಎರಡನೇ ಲೋಟ ಕೇಳಿ ಪಡೆದು, ಬುಡದಿಂದ ಹುಲ್ಲು ಮತ್ತೆ ಚಿಗುರುತ್ತೆ, ಎರಡು ತಿಂಗಳು ಬಿಟ್ಟು ಬರ್ತೀನಿ, ಅದೇ ಕೊನೇ ಅವಕಾಶ ಎಂದು ಹೇಳಿ ಖಾಲಿ ಲಾರಿಯಲ್ಲಿ ಹೋದರು. ಲಾರಿ ಡೀಸೆಲ್‌ನದು.

ಆದ್ದರಿಂದ ಎರಡು ತಿಂಗಳು ಹೊಲದ ಕಡೆ ಸುಳಿಯದಂತೆ ಅತ್ತಿಗೆಯಿಂದಲೂ, ಸಾಧ್ಯವಾದರೆ ಎಮ್ಮೆಯಿಂದಲೂ ಮುಚ್ಚಳಿಕೆ ಬರೆಸಿಕೊಳ್ಳಬೇಕು. ಒಲೆಯನ್ನು ಮಾತ್ರ ಜಪ್ತಿ ಮಾಡಬಾರದು. ಮಾಡಲೇಬೇಕೆಂದರೆ ಬೆಳಗಿನ ಚಹಾ ಆದ ಮೇಲೆ ಮಾಡಬೇಕು.

ಇಷ್ಟೂ ನಾನು ಕಂಡದ್ದು ಮತ್ತು ಕುಡಿದದ್ದು. ಓದಿಸಿ ಕೇಳಿದ್ದೇನೆ, ಒಂದಕ್ಷರವೂ ಸುಳ್ಳಿಲ್ಲ. ಈ ಹೇಳಿಕೆ ಮುಗಿಯುವಷ್ಟರಲ್ಲಿ ಅತ್ತಿಗೆ ಠಾಣೆಗೆ ಫ್ಲಾಸ್ಕ್ ಕಳಿಸಿದ್ದು, ಬರೆದುಕೊಂಡ ಪೇದೆಯವರೂ ಕುಡಿದಿರುವುದರಿಂದ ಅವರನ್ನೂ ಸಾಕ್ಷಿಯಾಗಿ ಸೇರಿಸಬೇಕು.

ಸ್ಥಳ: ಠಾಣೆಯ ಜಗಲಿ
ತಾರೀಖು: 9, ಸಂಜೆ 4.30
ಸಹಿ: (ಪೆಟ್ರೋಲ್ ಮಾವ)